ಮ್ಯಾರಥಾನ್ ಓಟ ಮತ್ತು ಅದರ ಹಿಂದುಮುಂದಿನ ಪಯಣ: ಒಂದು ಆರೋಗ್ಯ ವಿವೇಚನೆ

ಜನವರಿ ತಿಂಗಳ ಮೂರನೆಯ ಭಾನುವಾರ ಸಮೀಪಿಸಿತೆಂದರೆ ಪುಣೆಯಿಂದ ಮುಂಬಯಿಗೆ ಇಳಿಯುವ ಹೆದ್ದಾರಿಯಲ್ಲಿ ಒಂದು ಹೊಸ ಬಗೆಯ ಯಾತ್ರಿಕರು ಕಾಣಿಸಿಕೊಳ್ಳುತ್ತಾರೆ. ಒಂದು ಕಾರು, ಅದರಲ್ಲಿ ನಾಲ್ವರು ಮಿತ್ರರು, ಹಿಂಬದಿಯಲ್ಲಿ ನಾಲ್ಕು ಜೊತೆ ಓಟದ ಬೂಟು, ಒಂದು ಚಿಪ್ಪು ಬಾಳೆಹಣ್ಣು. ಶನಿವಾರ ಹೊರಟು, ಭಾನುವಾರ ನಸುಕಿನಲ್ಲಿ ಮ್ಯಾರಥಾನ್ ಓಡಿ, ಅಂದೇ ಸಂಜೆ ಮನೆ ಸೇರಿ, ಸೋಮವಾರ ಕಚೇರಿಯಲ್ಲಿ ಸಹಿ ಹಾಕುವುದು ಇವರ ಸಂಕಲ್ಪ. ಹಿಂದೆ ಗಾಣಗಾಪುರಕ್ಕೋ ಪಂಢರಪುರಕ್ಕೋ ಹೊರಡುತ್ತಿದ್ದ ಮನೆತನಗಳ ಮಕ್ಕಳು ಇಂದು ಹೀಗೆ ಹೊರಟಿರುವುದನ್ನು ಕಂಡು ಹಿರಿಯರು ನಗಬಹುದು. ಆದರೆ ಕುಳಿತೇ ದುಡಿಯುವ ವೃತ್ತಿಯವರು ನಡುವಯಸ್ಸಿನಲ್ಲಿ ಓಡಲು ತೊಡಗಿದ್ದಾರೆಂಬುದು ಸಂತೋಷದ ಸಂಗತಿಯೇ ಹೊರತು ನಗುವ ಸಂಗತಿಯಲ್ಲ. ನಮ್ಮ ಸಂಘದ ಸದಸ್ಯರಲ್ಲಿಯೂ ಇಂಥವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ.

ಓಟಕ್ಕೆ ಬೇಕಾದ ಅಭ್ಯಾಸದ ವಿಷಯದಲ್ಲಿ ಇವರಿಗೆ ತಿಳಿವಳಿಕೆಯ ಕೊರತೆಯೇನೂ ಇರುವುದಿಲ್ಲ. ಹದಿನಾರು ವಾರಗಳ ಅಭ್ಯಾಸಪಟ್ಟಿಯನ್ನು ಶ್ರದ್ಧೆಯಿಂದ ಪಾಲಿಸಿರುತ್ತಾರೆ. ಬೂಟಿನ ಅಟ್ಟೆಯ ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳಬಲ್ಲರು. ಆದರೆ ಓಟದ ಹಿಂದಿನ ಇಪ್ಪತ್ತನಾಲ್ಕು ಗಂಟೆ ಮತ್ತು ಮುಂದಿನ ಹನ್ನೆರಡು ಗಂಟೆ, ಅಂದರೆ ಪಯಣದ ಭಾಗ, ಯಾವ ಪಟ್ಟಿಯಲ್ಲಿಯೂ ಸೇರಿರುವುದಿಲ್ಲ. ದೇಹವಾದರೋ ಪಯಣ ಬೇರೆ, ಓಟ ಬೇರೆ ಎಂದು ಲೆಕ್ಕ ಇಡುವುದಿಲ್ಲ. ಈ ಲೇಖನದಲ್ಲಿ ಎರಡನ್ನೂ ಒಟ್ಟಿಗೆ ಇರಿಸಿಕೊಂಡು ವಿಚಾರಮಾಡಲು ಉದ್ದೇಶಿಸಲಾಗಿದೆ.

ಮೊದಲು ಓಟದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು. ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಪಾರಸಿಕರು ಸೋತ ವಾರ್ತೆಯನ್ನು ಅಥೆನ್ಸ್ ನಗರಕ್ಕೆ ಓಡಿ ತಲುಪಿಸಿ ಅಲ್ಲಿಯೇ ಕುಸಿದು ಪ್ರಾಣಬಿಟ್ಟ ದೂತನ ಕಥೆ ಪ್ರಸಿದ್ಧವಾದುದು. ಇತಿಹಾಸಕಾರ ಹೆರೊಡೊಟಸ್ ಈ ಮರಣದ ಮಾತನ್ನೇ ಎತ್ತುವುದಿಲ್ಲ. ಅವನು ಹೇಳುವುದು ನೆರವು ಬೇಡಲು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡಿದ ದೂತನ ವಿಷಯ. ಕುಸಿದು ಬಿದ್ದ ಕಥೆ ಶತಮಾನಗಳ ಬಳಿಕ ಬೆಳೆದುದು. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಈ ಹೆಸರಿನ ಓಟ ನಡೆದಾಗ ದೂರ ಸುಮಾರು 40 ಕಿಲೋಮೀಟರು. ಗೆದ್ದವನು ಗ್ರೀಸಿನ ಸ್ಪಿರಿಡಾನ್ ಲೂಯಿಸ್. ಇಂದಿನ 42.195 ಕಿಲೋಮೀಟರಿನ ಅಳತೆ 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಬಂದು 1921ರಲ್ಲಿ ಸ್ಥಿರಗೊಂಡಿತು. ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, ಶಿವನಾಥ ಸಿಂಗರು 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಓಡಿ ಸ್ಥಾಪಿಸಿದ ದಾಖಲೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಳಿಯದೆ ನಿಂತಿತ್ತು. ಪುಣೆಯ ಮ್ಯಾರಥಾನ್ 1983ರಲ್ಲಿಯೂ ಮುಂಬಯಿಯದು 2004ರಲ್ಲಿಯೂ ಆರಂಭವಾದುವು. ಆದರೆ ನಮ್ಮ ನಾಲ್ವರು ಮಿತ್ರರು ಓಡುವುದು ಎರಡು ಗಂಟೆಯಲ್ಲ, ಐದು ಗಂಟೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು. ನಿಧಾನವಾಗಿ ಓಡುವವನು ಹೆಚ್ಚು ಹೊತ್ತು ಓಡುತ್ತಾನೆ. ಬಿಸಿಲು, ನೀರು, ಉಪ್ಪು ಇವುಗಳ ಸಮಸ್ಯೆಗಳು ಅವನನ್ನೇ ಹೆಚ್ಚಾಗಿ ಹಿಡಿಯುತ್ತವೆ.

ದೇಹದ ಜಮಾಖರ್ಚು

ಓಟದ ಖರ್ಚನ್ನು ಅಂದಾಜು ಮಾಡಲು ಒಂದು ಸುಲಭ ಸೂತ್ರವುಂಟು: ದೇಹತೂಕದ ಒಂದು ಕಿಲೋಗ್ರಾಮಿಗೆ, ಓಡಿದ ಒಂದು ಕಿಲೋಮೀಟರಿಗೆ, ಸುಮಾರು ಒಂದು ಕ್ಯಾಲೊರಿ. 65 ಕಿಲೋ ತೂಕದವರು ಪೂರ್ಣ ಮ್ಯಾರಥಾನ್ ಓಡಿದರೆ 2,700 ಕ್ಯಾಲೊರಿಗಳಷ್ಟು ವ್ಯಯವಾಗುತ್ತದೆ. ಈ ಖರ್ಚಿಗೆ ಇರುವ ಗಂಟುಗಳು ಎರಡು. ಮೊದಲನೆಯದು ಮಾಂಸಖಂಡಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗಿರುವ ಗ್ಲೈಕೋಜನ್ ಎಂಬ ಶರ್ಕರ. ಎಲ್ಲ ಸೇರಿ ಅರ್ಧ ಕಿಲೋ, ಅಂದರೆ 2,000 ಕ್ಯಾಲೊರಿ ಕೊಡುವಷ್ಟು. ಎರಡನೆಯದು ಕೊಬ್ಬು, ತೆಳ್ಳಗಿನ ಮನುಷ್ಯನಲ್ಲಿಯೂ ಅದು ಐವತ್ತು ಸಾವಿರ ಕ್ಯಾಲೊರಿಗಳಿಗೆ ಮಿಗಿಲಾದ ಆಸ್ತಿ. ಆದರೆ ಕೊಬ್ಬು ಸ್ಥಿರ ಠೇವಣಿಯಂತೆ, ಬೇಕೆಂದಾಗ ಬೇಗ ಕೈಗೆ ಬಾರದು. ಗ್ಲೈಕೋಜನ್ ಕೈಯಲ್ಲಿರುವ ನಗದು. ನಗದು ಮುಗಿಯುವುದು ಸಾಮಾನ್ಯವಾಗಿ 30 ಕಿಲೋಮೀಟರಿನ ಆಸುಪಾಸಿನಲ್ಲಿ. ಓಟಗಾರರು ಇದನ್ನೇ ‘ಗೋಡೆಗೆ ಹಾಯುವುದು’ ಎನ್ನುತ್ತಾರೆ. ಕಾಲು ಸೀಸದಂತಾಗುವುದು, ಮನಸ್ಸು ಮಂಕಾಗುವುದು, ಸಣ್ಣ ಲೆಕ್ಕವೂ ತಪ್ಪುವುದು ಅದರ ಚಿಹ್ನೆಗಳು. ಮುಂಬಯಿಯ ಪೂರ್ಣ ಮ್ಯಾರಥಾನಿನಲ್ಲಿ ಪೆಡ್ಡರ್ ರಸ್ತೆಯ ಏರು ಹಿಂದಿರುಗುವ ಓಟದಲ್ಲಿ ಎದುರಾಗುವುದು ಈ ಘಟ್ಟದ ನಂತರವೇ. ಅಲ್ಲಿ ನಡೆದುಹೋಗುವವರನ್ನು ಕಂಡು ಯಾರೂ ಅಪಹಾಸ್ಯ ಮಾಡುವುದಿಲ್ಲ. ಬಾಲ್ಕನಿಗಳಿಂದ ಚಪ್ಪಾಳೆಯೇ ಬೀಳುತ್ತದೆ.

ಗ್ಲೈಕೋಜನಿಗೂ ಆಹಾರಕ್ಕೂ ಇರುವ ಸಂಬಂಧವನ್ನು ಮಾಂಸಖಂಡದೊಳಕ್ಕೆ ಸೂಜಿ ಇಳಿಸಿ ಪರೀಕ್ಷಿಸಿ ತೋರಿಸಿಕೊಟ್ಟವರು ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಹಲ್ಟ್‌ಮನ್ ಎಂಬ ವೈದ್ಯರು, 1960ರ ದಶಕದಲ್ಲಿ. ಓಟದ ಹಿಂದಿನ ಎರಡು ದಿನ ಅನ್ನ, ಇಡ್ಲಿ, ಅವಲಕ್ಕಿಯಂಥ ಪಿಷ್ಟಪದಾರ್ಥಗಳ ಪಾಲು ಹೆಚ್ಚಿಸಿ ಓಟದ ಅಭ್ಯಾಸವನ್ನು ಇಳಿಸಿದರೆ ಉಗ್ರಾಣ ತುಂಬುತ್ತದೆ ಎಂಬುದು ಅವರ ಕೆಲಸದಿಂದ ಹೊರಟ ಪಾಠ. ಒಂದು ಗ್ರಾಮ್ ಗ್ಲೈಕೋಜನಿನೊಡನೆ ಸುಮಾರು ಮೂರು ಗ್ರಾಮ್ ನೀರೂ ಶೇಖರವಾಗುವುದರಿಂದ ತೂಕ ಒಂದೆರಡು ಕಿಲೋ ಏರುವುದು ಸಹಜ. ತಕ್ಕಡಿ ನೋಡಿ ಗಾಬರಿಗೊಂಡು ಶನಿವಾರ ರಾತ್ರಿ ಉಪವಾಸ ಬೀಳುವವರಿದ್ದಾರೆ. ಹಾಗೆ ಮಾಡಬಾರದು. ಶನಿವಾರವೂ ಏಕಾದಶಿಯೂ ಒಂದೇ ದಿನ ಬಂದರೆ ಏನು ಮಾಡಬೇಕೆಂಬುದನ್ನು ಅವರವರ ಮನೆಯ ಹಿರಿಯರೊಡನೆ ಇತ್ಯರ್ಥ ಮಾಡಿಕೊಳ್ಳುವುದು ಲೇಸು!

ಯಾರು ಹೊರಡಬಾರದು?

ಪಯಣಕ್ಕೆ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ಒಬ್ಬನೇ ಓಡುವವನು ಬೆಳಿಗ್ಗೆ ಮೈ ಸರಿಯಿಲ್ಲದಿದ್ದರೆ ಹೊದಿಕೆ ಎಳೆದುಕೊಂಡು ಮಲಗಿಬಿಡಬಹುದು. ನಾಲ್ವರೊಡನೆ ಹೊರಟವನಿಗೆ ಆ ಸ್ವಾತಂತ್ರ್ಯವಿಲ್ಲ. ಪ್ರವೇಶಧನ ಕಟ್ಟಿಯಾಗಿದೆ, ಹೋಟೆಲಿನ ಕೋಣೆ ಗೊತ್ತಾಗಿದೆ, ಆರು ತಿಂಗಳು ಜೊತೆಯಲ್ಲಿ ಓಡಿದ ಮಿತ್ರರು ಬಾಗಿಲಲ್ಲಿ ಹಾರ್ನ್ ಮಾಡುತ್ತಿದ್ದಾರೆ. ಆಗ “ಗುರುವಾರದಿಂದ ಜ್ವರ” ಎಂಬ ಮಾತು ಗಂಟಲಿನಲ್ಲಿಯೇ ಉಳಿಯುತ್ತದೆ. ಈ ಸಂಕೋಚ ಅಪಾಯಕಾರಿಯಾದುದು. ವಿಷಾಣುಗಳಿಂದ ಬರುವ ಜ್ವರಗಳು ಕೆಲವೊಮ್ಮೆ ಹೃದಯದ ಸ್ನಾಯುವಿಗೂ ಊತ ತರುತ್ತವೆ; ಆ ಸ್ಥಿತಿಯಲ್ಲಿ ಕಠಿಣವಾಗಿ ಓಡಿದರೆ ಹೃದಯದ ಲಯ ಕೆಡುವ ಭಯವುಂಟು. ಬರಿಯ ಮೂಗುಸೋರಿಕೆಯಾದರೆ ಚಿಂತೆಯಿಲ್ಲ. ಜ್ವರ, ಮೈಕೈನೋವು, ಎದೆಯ ಕಫ, ಭೇದಿ ಇವುಗಳಲ್ಲಿ ಯಾವುದಿದ್ದರೂ ಓಟವನ್ನು ಬಿಡತಕ್ಕದ್ದು. ಮಿತ್ರರು ಹೊರಡುವ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳುವುದು ಉತ್ತಮ: ಯಾರೇ “ನಾನು ಓಡುವುದಿಲ್ಲ” ಎಂದರೂ ಉಳಿದವರು ಏಕೆ ಎಂದು ಕೇಳತಕ್ಕದ್ದಲ್ಲ. ಓಡದಿರುವವನು ಜೊತೆಗೆ ಬರಬಹುದು. ಅವನಿಗೆ ವಹಿಸಬೇಕಾದ ಬಹುಮುಖ್ಯ ಕಾರ್ಯವೊಂದಿದೆ, ಅದನ್ನು ಮುಂದೆ ಹೇಳುವೆ.

ಹೃದಯದ ಬಗೆಗೂ ಇಲ್ಲಿಯೇ ಹೇಳಬೇಕು. ಅಮೆರಿಕದ ಮ್ಯಾರಥಾನ್ ಹಾಗೂ ಅರ್ಧ ಮ್ಯಾರಥಾನುಗಳಲ್ಲಿ 2000ದಿಂದ 2010ರವರೆಗೆ ಓಡಿದ ಸುಮಾರು 1 ಕೋಟಿ 9 ಲಕ್ಷ ಜನರಲ್ಲಿ 59 ಮಂದಿಗೆ ಹೃದಯಸ್ತಂಭನವಾಯಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಅವರಲ್ಲಿ 51 ಮಂದಿ ಪುರುಷರು. ಲಕ್ಷಾಂತರ ಓಟಗಾರರಲ್ಲಿ ಒಬ್ಬಿಬ್ಬರೆಂದರೆ ಅದು ಅಪರೂಪವೇ. ಆದರೆ ಭಾರತೀಯರಲ್ಲಿ ಹೃದಯದ ರಕ್ತನಾಳಗಳ ರೋಗ ಪಾಶ್ಚಾತ್ಯರಿಗಿಂತ ಮೊದಲೇ, ನಲವತ್ತು ಐವತ್ತರ ವಯಸ್ಸಿನಲ್ಲಿಯೇ, ತಲೆದೋರುತ್ತದೆ ಎಂಬುದನ್ನು ಮರೆತು ಆ ಅಂಕಿಯನ್ನು ನಮಗೆ ಅನ್ವಯಿಸಿಕೊಳ್ಳುವುದು ಸರಿಯಲ್ಲ. ನಲವತ್ತು ದಾಟಿ ಹೊಸದಾಗಿ ಓಟಕ್ಕೆ ಇಳಿದವರು, ಮಧುಮೇಹ ಅಥವಾ ರಕ್ತದೊತ್ತಡ ಉಳ್ಳವರು, ಧೂಮಪಾನಿಗಳು, ತಂದೆಗೋ ಅಣ್ಣನಿಗೋ ಐವತ್ತೈದರೊಳಗೆ ಹೃದಯಾಘಾತವಾದವರು ಅಭ್ಯಾಸದ ಮೊದಲನೆಯ ವಾರದಲ್ಲಿಯೇ ವೈದ್ಯರನ್ನು ಕಾಣಬೇಕು. ಓಟದ ಹಿಂದಿನ ವಾರದಲ್ಲಲ್ಲ. ಓಡುವಾಗ ಎದೆಯಲ್ಲಿ ಬಿಗಿತ, ದವಡೆಗೋ ಎಡತೋಳಿಗೋ ಹರಿಯುವ ನೋವು, ಕಾರಣವಿಲ್ಲದೆ ತಲೆಸುತ್ತು ಇವು ಅಭ್ಯಾಸಕಾಲದಲ್ಲಿ ಒಮ್ಮೆ ಕಾಣಿಸಿದರೂ ಅಜೀರ್ಣವೆಂದು ಸಮಾಧಾನ ಮಾಡಿಕೊಳ್ಳಬಾರದು. ಸ್ತ್ರೀಯರಲ್ಲಿ ಇಷ್ಟೇ ಮುಖ್ಯವಾದ ಇನ್ನೊಂದು ಪರೀಕ್ಷೆ ಹಿಮೊಗ್ಲೋಬಿನ್ನಿನದು. ಕಬ್ಬಿಣದ ಕೊರತೆಯಿಂದ ಆದ ರಕ್ತಹೀನತೆಯನ್ನು ಎಷ್ಟೋ ಮಂದಿ ‘ಅಭ್ಯಾಸ ಸಾಲದು’ ಎಂದು ತಪ್ಪಾಗಿ ತಿಳಿದು ಇನ್ನಷ್ಟು ಓಡುತ್ತಾರೆ.

ಅದೇ ಸಂಶೋಧಕರು 2010ರಿಂದ 2023ರವರೆಗಿನ ಎರಡನೆಯ ಅವಧಿಯನ್ನೂ ಪರಿಶೀಲಿಸಿ 2025ರಲ್ಲಿ ವರದಿ ಮಾಡಿದ್ದಾರೆ. ಹೃದಯಸ್ತಂಭನದ ಪ್ರಮಾಣ ಹೆಚ್ಚುಕಡಿಮೆ ಹಿಂದಿನಷ್ಟೇ. ಆದರೆ ಹಾಗೆ ಕುಸಿದವರಲ್ಲಿ ಮೃತರಾದವರು ಮೊದಲ ಅವಧಿಯಲ್ಲಿ ನೂರಕ್ಕೆ 71. ಎರಡನೆಯ ಅವಧಿಯಲ್ಲಿ ನೂರಕ್ಕೆ 34. ಹೃದಯವನ್ನು ವಿದ್ಯುತ್ತಿನಿಂದ ಮತ್ತೆ ಲಯಕ್ಕೆ ತರುವ ಯಂತ್ರಗಳು ಓಟದ ದಾರಿಯಲ್ಲಿ ಸಿದ್ಧವಾಗಿದ್ದುದು, ಪಕ್ಕದಲ್ಲಿದ್ದವರು ತಡಮಾಡದೆ ಎದೆಯೊತ್ತಲು ತೊಡಗಿದುದು, ಇವೇ ಈ ಸುಧಾರಣೆಗೆ ಕಾರಣ. ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತುವ ಈ ವಿದ್ಯೆ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದದ್ದು. ನಾಲ್ಕು ತಿಂಗಳು ಜೊತೆಯಾಗಿ ಓಡುವ ಮಿತ್ರರು ಒಂದು ಮಧ್ಯಾಹ್ನವನ್ನು ಇದಕ್ಕೆಂದು ತೆಗೆದಿಡಲಾರರೇ?

ಶನಿವಾರ

ಮುಂಬಯಿಯಲ್ಲಿ ಎದೆಯ ಮೇಲೆ ಧರಿಸುವ ಸಂಖ್ಯೆಯ ಚೀಟಿಯನ್ನು ಓಟದ ಹಿಂದಿನ ದಿನಗಳಲ್ಲಿಯೇ ಸ್ವತಃ ಪಡೆಯಬೇಕು. ಓಟದ ದಿನ ಅದನ್ನು ಕೊಡುವುದಿಲ್ಲ. ಆದಕಾರಣ ಹೊರಗಿನವರಿಗೆ ಶನಿವಾರದ ಪಯಣ ಅನಿವಾರ್ಯ. ಪುಣೆಯಿಂದ ದೂರ 150 ಕಿಲೋಮೀಟರು. 2002ರಲ್ಲಿ ಪೂರ್ಣವಾಗಿ ತೆರೆದ ಎಕ್ಸ್‌ಪ್ರೆಸ್‌ವೇ ಬಂದಮೇಲೆ ದಾರಿ ಸುಗಮವೆನ್ನುತ್ತಾರೆ. ಆದರೆ ಶನಿವಾರ ಬೋರಘಾಟದ ವಾಹನಸಾಲನ್ನು ಕಂಡವರು ಆ ಮಾತನ್ನು ಸ್ವಲ್ಪ ತಿದ್ದಿ ಹೇಳಿಯಾರು. ಮೂರು ಗಂಟೆಯ ದಾರಿ ಐದಾಗುವುದುಂಟು. ಮೊಣಕಾಲು ಮಡಿಸಿ ಕುಳಿತಿರುವಾಗ ಸೊಂಟದ ಮುಂಭಾಗದ ಸ್ನಾಯುಗಳೂ ತೊಡೆಯ ಹಿಂಭಾಗದ ಸ್ನಾಯುಗಳೂ ಬಿಗಿಯುತ್ತವೆ. ಕಾಲಿನ ಅಭಿಧಮನಿಗಳಲ್ಲಿ ರಕ್ತ ಮಂದವಾಗುತ್ತದೆ. ಗಂಟೆ ಒಂದೂವರೆಗೊಮ್ಮೆ ಇಳಿದು ಐದು ನಿಮಿಷ ಅಡ್ಡಾಡುವುದರಿಂದ ಇವೆರಡಕ್ಕೂ ಪರಿಹಾರ ದೊರೆಯುತ್ತದೆ.

ಇಳಿದಾಗ ಎದುರಾಗುವ ಪ್ರಲೋಭನೆ ತಿಂಡಿಯದು. ಬಿಸಿ ವಡಾಪಾವ್, ಮಿಸಳ್, ಕಾಂದಾಭಜಿ ಇವುಗಳ ವಿರುದ್ಧ ಈ ಲೇಖಕನಿಗೆ ವೈರವೇನೂ ಇಲ್ಲ. ಹಿಂದಿರುಗುವಾಗ ಧಾರಾಳವಾಗಿ ತಿನ್ನಬಹುದು. ಆದರೆ ಓಡುವಾಗ ದೇಹವು ಕರುಳಿನ ರಕ್ತಪೂರಣವನ್ನು ಕಡಿತಗೊಳಿಸಿ ಕಾಲುಗಳಿಗೆ ಕಳುಹಿಸುತ್ತದೆ. ಜೀರ್ಣವಾಗದ ಎಣ್ಣೆ, ಖಾರ, ಬೇಳೆಕಾಳಿನ ನಾರು ಆಗ ಹೊಟ್ಟೆಯಲ್ಲಿದ್ದರೆ ಹದಿನೈದನೆಯ ಕಿಲೋಮೀಟರಿನಲ್ಲಿ ಶೌಚಗೃಹದ ಮುಂದೆ ಸಾಲು ನಿಲ್ಲಬೇಕಾಗುತ್ತದೆ. ದಿನನಿತ್ಯ ಅತ್ಯಂತ ಹಿತವಾದ ಜೋಳದ ರೊಟ್ಟಿ, ಮೊಳಕೆಕಾಳು, ಹಸಿ ತರಕಾರಿಗಳನ್ನೂ ಅಂದು ದೂರವಿಡುವುದೇ ಲೇಸು. ಮನೆಯಿಂದ ಕಟ್ಟಿಕೊಂಡು ಹೋದ ಮೊಸರನ್ನದ ಬುತ್ತಿಗೆ ಸಮನಾದ ಆಹಾರ ಇನ್ನೊಂದಿಲ್ಲ; ಪಿಷ್ಟವಿದೆ, ಉಪ್ಪಿದೆ, ನಾರು ಕಡಿಮೆ, ಹೊಟ್ಟೆಗೆ ಪರಿಚಯವಿದೆ. ಸಂಜೆ ಏಳಕ್ಕೆಲ್ಲ ಊಟ ಮುಗಿಸಬೇಕು. ಓಟದ ಬೂಟು, ಕಾಲುಚೀಲ, ಶಕ್ತಿದ್ರವ್ಯಗಳ ಪೊಟ್ಟಣ ಯಾವುದೂ ಅಂದು ಹೊಸದಾಗಿ ಕೊಂಡದ್ದಾಗಿರಕೂಡದು.

ಓಟ ಆರಂಭವಾಗುವುದು ನಸುಕಿನ ಐದರ ಆಸುಪಾಸಿನಲ್ಲಿ. ಅಂದರೆ ಎರಡು ಗಂಟೆಗೆ ಏಳಬೇಕು. ಹೊಸ ಕೋಣೆ, ಮಿತ್ರರ ಗೊರಕೆ, ಮನಸ್ಸಿನ ಕಳವಳ. ಮೂರು ನಾಲ್ಕು ಗಂಟೆಗಿಂತ ಹೆಚ್ಚು ನಿದ್ರೆ ಬರುವುದು ಕಷ್ಟ. ಒಂದು ರಾತ್ರಿಯ ನಿದ್ರಾಭಂಗದಿಂದ ಓಟದ ಸಾಮರ್ಥ್ಯ ಅಷ್ಟಾಗಿ ಕುಗ್ಗುವುದಿಲ್ಲ ಎಂಬುದು ಸಮಾಧಾನದ ಮಾತು. ಅದಕ್ಕಾಗಿ ಗುರುವಾರ, ಶುಕ್ರವಾರದ ರಾತ್ರಿಗಳಲ್ಲಿ ಎಂಟೆಂಟು ಗಂಟೆ ಮಲಗಿರಬೇಕು. ಆದರೆ ನಿದ್ರೆಯ ಸಾಲ ಓಟದಲ್ಲಿ ಕಾಣದಿದ್ದರೂ ಅಳಿಸಿಹೋಗುವುದಿಲ್ಲ; ಅದು ಸಂಜೆಗೆ ವಸೂಲಿಗೆ ಬರುತ್ತದೆ.

ನೀರು, ಉಪ್ಪು, ಬಿಸಿಲು

ಹಿಂದೆ ‘ಬಾಯಾರುವ ಮೊದಲೇ ಕುಡಿ, ಎಷ್ಟು ಸಾಧ್ಯವೋ ಅಷ್ಟು ಕುಡಿ’ ಎಂದು ಬೋಧಿಸುತ್ತಿದ್ದರು. ಈ ಬೋಧನೆಯಿಂದ ಜೀವಹಾನಿಯೇ ಆಗಿದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿಳಿದಿತ್ತು. ಅವರು ನೀರು ಸಾಲದೆ ಸೊರಗಿದವರಲ್ಲ. ಓಡುತ್ತ ಓಡುತ್ತ ತೂಕ ಹೆಚ್ಚಿಸಿಕೊಂಡವರು, ನಾಲ್ಕು ಗಂಟೆಗೂ ಮೀರಿ ಓಡಿದವರು ಅವರಲ್ಲಿ ಹೆಚ್ಚು. ಬೆವರಿನಲ್ಲಿ ಉಪ್ಪು ಹೋಗುತ್ತದೆ. ಬರಿಯ ನೀರು ಒಳಗೆ ಬರುತ್ತದೆ. ಶ್ರಮದ ಕಾಲದಲ್ಲಿ ಮೂತ್ರಪಿಂಡಗಳು ಹೆಚ್ಚಿನ ನೀರನ್ನು ಹೊರಹಾಕಲು ಒಪ್ಪುವುದಿಲ್ಲ. ರಕ್ತ ತೆಳುವಾಗಿ ಮೆದುಳಿನಲ್ಲಿ ಊತ ಬರುತ್ತದೆ. ತಲೆನೋವು, ವಾಂತಿ, ಬೆರಳುಗಳ ಊತ, ಗೊಂದಲ, ಕೊನೆಗೆ ಸೆಳವು ಇದರ ಲಕ್ಷಣಗಳು. ಇಂದಿನ ಸಲಹೆ ಸರಳವಾದುದು: ಬಾಯಾರಿದಾಗ ಕುಡಿಯಿರಿ. ಪ್ರತಿ ನೀರಿನ ಮೇಜಿನಲ್ಲಿಯೂ ನಿಲ್ಲಬೇಕಾದ ನಿರ್ಬಂಧವಿಲ್ಲ. ನೀರಿನೊಡನೆ ಲವಣದ್ರಾವಣವನ್ನೂ, ಗಂಟೆಗೆ 30ರಿಂದ 60 ಗ್ರಾಮಿನಷ್ಟು ಶರ್ಕರವನ್ನೂ ತೆಗೆದುಕೊಳ್ಳುವುದು ಹಿತ. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಮಿನಷ್ಟು ಶರ್ಕರ ಇರುತ್ತದೆ.

ನೋವು ಬಾರದಿರಲೆಂದು ಓಟಕ್ಕೆ ಮೊದಲೇ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ಗುಳಿಗೆ ನುಂಗುವ ರೂಢಿಯೊಂದು ಹಬ್ಬಿದೆ. ಇದನ್ನು ಖಂಡಿಸಲೇಬೇಕು. ಬೆವರಿ ರಕ್ತಪೂರಣ ತಗ್ಗಿರುವ ಮೂತ್ರಪಿಂಡಕ್ಕೆ ಈ ಗುಳಿಗೆಗಳು ಎರಡನೆಯ ಪೆಟ್ಟು.

ಮುಂಬಯಿಯ ಜನವರಿ ನಸುಕಿನಲ್ಲಿ ತಂಪಾಗಿದ್ದರೂ ಸಮುದ್ರದ ತೇವ ಗಾಳಿಯಲ್ಲಿ ಇದ್ದೇ ಇರುತ್ತದೆ. ಬೆವರು ಆರದಿದ್ದರೆ ದೇಹ ತಣಿಯದು. ಐದು ಗಂಟೆ ಓಡುವವನು ಕೊನೆಯ ಒಂದು ಗಂಟೆಯನ್ನು ಬಿಸಿಲಿನಲ್ಲಿಯೇ ಓಡುತ್ತಾನೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ, ಸ್ತ್ರೀಯರಿಗೆ ಮ್ಯಾರಥಾನ್ ಮೊದಲ ಬಾರಿ ದೊರೆತ ಆ ವರ್ಷ, ಸ್ವಿಟ್ಜರ್ಲೆಂಡಿನ ಗಾಬ್ರಿಯೆಲಾ ಆಂಡರ್ಸನ್-ಷೀಸ್ ಬಿಸಿಲಿನಿಂದ ಕಂಗೆಟ್ಟು ಓಲಾಡುತ್ತ ಗುರಿ ಮುಟ್ಟಿದ ದೃಶ್ಯವನ್ನು ಜಗತ್ತೇ ಕಂಡಿತು. ಆಕೆ ಬದುಕುಳಿದರು. ಓಟಗಾರನು ಅಸಂಬದ್ಧ ಮಾತಾಡತೊಡಗಿದರೆ, ದಿಕ್ಕುತಪ್ಪಿ ನಡೆದರೆ, ಮೈ ಕಾದ ಹೆಂಚಿನಂತಿದ್ದರೆ, ದೇಹದ ಒಳಗಿನ ತಾಪ 40 ಡಿಗ್ರಿ ಮೀರಿರಬಹುದೆಂದು ತಿಳಿಯಬೇಕು. ಮೊದಲು ಅವನನ್ನು ಐಸುನೀರಿನಿಂದ ತಣಿಸಬೇಕು. ಆಸ್ಪತ್ರೆಗೆ ಸಾಗಿಸುವುದು ಆಮೇಲೆ. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಮಿದುಳು, ಯಕೃತ್ತುಗಳಿಗೆ ಹಾನಿ ತಪ್ಪಿದ್ದಲ್ಲ.

ಗುರಿ ಮುಟ್ಟಿದೊಡನೆ ಗಕ್ಕನೆ ನಿಲ್ಲಬಾರದು. ಓಡುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ನಿಂತೊಡನೆ ಪಂಪು ನಿಂತು, ರಕ್ತ ಕಾಲಿನಲ್ಲಿಯೇ ಉಳಿದು, ಕಣ್ಣು ಕತ್ತಲೆಗಟ್ಟುತ್ತದೆ. ಹತ್ತು ನಿಮಿಷ ನಡೆಯಬೇಕು. ಆದರೂ ಬಿದ್ದವರನ್ನು ಮಲಗಿಸಿ ಕಾಲು ಎತ್ತಿ ಹಿಡಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಕುರ್ಚಿಯಲ್ಲಿ ಕೂಡಿಸುವುದು ತಪ್ಪು. ಪ್ರಜ್ಞೆಯೂ ಉಸಿರೂ ಇಲ್ಲದಿದ್ದರೆ ಅದು ಬೇರೆಯೇ ಸಂಗತಿ. ಕೂಡಲೇ ಎದೆಯೊತ್ತಲು ತೊಡಗಬೇಕು.

ಹಿಂದಿರುಗುವ ದಾರಿ

ಈಗ ಈ ಲೇಖನವನ್ನು ಬರೆಯಲು ಮುಖ್ಯ ಕಾರಣವಾದ ಸಂಗತಿಗೆ ಬರೋಣ. ಪದಕ ಕೊರಳಿಗೆ ಬಿದ್ದಿದೆ. ಛಾಯಾಚಿತ್ರಗಳಾಗಿವೆ. ಸ್ನಾನ, ಭರ್ಜರಿ ಊಟ. ಮಧ್ಯಾಹ್ನ ಮೂರಕ್ಕೆ ಕೋಣೆ ಬಿಟ್ಟು ನಾಲ್ವರೂ ಕಾರು ಹತ್ತುತ್ತಾರೆ. ನಾಲ್ವರೂ ಓಡಿದವರೇ. ಹಾಗಾದರೆ ಚಾಲಕನಾರು? “ನನಗೇನೂ ಆಯಾಸವಿಲ್ಲ” ಎನ್ನುವವನು.

ಅವನ ಲೆಕ್ಕವನ್ನು ನೋಡೋಣ. ಎದ್ದದ್ದು ರಾತ್ರಿ ಎರಡಕ್ಕೆ. ಹದಿನೇಳು ಗಂಟೆಗಳ ಕಾಲ ಎಡೆಬಿಡದೆ ಎಚ್ಚರವಿದ್ದ ಮನುಷ್ಯನ ಕೈಕಣ್ಣುಗಳ ಚುರುಕು, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯಸಾರ ಇರುವವನ ಚುರುಕಿಗೆ ಸಮನಾಗಿ ಕುಗ್ಗುತ್ತದೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 1997ರಲ್ಲಿ ತೋರಿಸಿಕೊಟ್ಟರು. ನಮ್ಮ ಮೋಟಾರು ವಾಹನ ಕಾನೂನು ಚಾಲಕನಿಗೆ ವಿಧಿಸಿರುವ ಮಿತಿ 0.03. ಎರಡಕ್ಕೆ ಎದ್ದವನಿಗೆ ಹದಿನೇಳನೆಯ ಗಂಟೆ ತುಂಬುವುದು ಸಂಜೆ ಏಳಕ್ಕೆ. ಸರಿಯಾಗಿ ಖೋಪೋಲಿ ದಾಟಿ, ಮಬ್ಬುಗತ್ತಲೆಯಲ್ಲಿ, ಭಾರದ ಲಾರಿಗಳ ನಡುವೆ ಘಾಟ್ ಏರುವ ಹೊತ್ತು. ಆ ಪ್ರಯೋಗಕ್ಕೆ ಒಳಗಾದವರು ಹಿಂದಿನ ರಾತ್ರಿ ಬರಿಯ ಮೂರು ಗಂಟೆ ಮಲಗಿದವರಲ್ಲ, 42 ಕಿಲೋಮೀಟರು ಓಡಿದವರೂ ಅಲ್ಲ. ತೊಟ್ಟು ಮದ್ಯ ಮುಟ್ಟದ ಸಜ್ಜನನು ಮದ್ಯಪಾನಿಯ ಸ್ಥಿತಿಯಲ್ಲಿ ಮೂವರು ಮಿತ್ರರ ಪ್ರಾಣವನ್ನು ಕೈಯಲ್ಲಿ ಹಿಡಿದು ಹೊರಟಿರುತ್ತಾನೆ. ಪೊಲೀಸರ ಊದುವ ಯಂತ್ರ ಅವನನ್ನು ಹಿಡಿಯಲಾರದು.

ಗಡಿಯಾರವೊಂದೇ ಕಾರಣವಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ದೇಹದಲ್ಲಿ ಸಹಜವಾದ ನಿದ್ರಾವೇಗವೊಂದಿದೆ. ಭರ್ಜರಿ ಊಟ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಹಿಂದಿನ ಆಸನದ ಮೂವರು ಹತ್ತು ನಿಮಿಷದಲ್ಲಿ ನಿದ್ರೆಹೋಗುವುದರಿಂದ ಚಾಲಕನೊಡನೆ ಮಾತಾಡುವವರೂ ಇರುವುದಿಲ್ಲ. ಎರಡು ಮೂರು ಸೆಕೆಂಡಿನ ಕಿರುನಿದ್ರೆಗೆ ತಾನು ಜಾರಿದ್ದು ಎಷ್ಟೋ ವೇಳೆ ಅವನಿಗೇ ತಿಳಿಯದು. ಗಂಟೆಗೆ 90 ಕಿಲೋಮೀಟರು ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 25 ಮೀಟರು ಸಾಗುತ್ತದೆ. ಮೂರು ಸೆಕೆಂಡಿಗೆ 75 ಮೀಟರು. ಇನ್ನು ಕಾಲುಗಳ ಮಾತು: ಓಡಿ ದಣಿದ ಮೀನಖಂಡಕ್ಕೆ ಸೆಡೆತ ಬರುವುದು ಕುಳಿತು ಅರ್ಧ ಗಂಟೆಯಾದ ಮೇಲೆ, ಪಾದವನ್ನು ಒತ್ತಿದಾಗ. ಬ್ರೇಕು ಕ್ಲಚ್ಚುಗಳನ್ನು ಒತ್ತಲೇಬೇಕಾದ ಕ್ಷಣದಲ್ಲಿ ಪಾದ ಸೆಟೆದುಕೊಂಡರೆ ಗತಿಯೇನು?

ಕಿಟಕಿ ತೆರೆಯುವುದು, ಹಾಡು ಜೋರಾಗಿ ಹಾಕುವುದು, ಮುಖಕ್ಕೆ ನೀರು ಎರಚುವುದು ಇವು ನಿದ್ರೆಗೆ ಮದ್ದಲ್ಲ. ಕಾಫಿ ಸ್ವಲ್ಪ ಉಪಕಾರಿ. ಆದರೆ ಅದರ ಪ್ರಭಾವ ಕಾಣಲು ಅರ್ಧ ಗಂಟೆ ಬೇಕು. ಕಾಫಿ ಕುಡಿದು ಒಡನೆಯೇ ಇಪ್ಪತ್ತು ನಿಮಿಷ ಕಾರಿನಲ್ಲಿಯೇ ಕಣ್ಣು ಮುಚ್ಚಿದರೆ ಎರಡರ ಫಲವೂ ಕೂಡಿಬರುತ್ತದೆ. ಇದು ಕೂಡ ತಾತ್ಕಾಲಿಕ.

ನಿಜವಾದ ಪರಿಹಾರಗಳು ಎರಡೇ. ಒಂದು, ಭಾನುವಾರ ರಾತ್ರಿ ಅಲ್ಲಿಯೇ ತಂಗಿ ಸೋಮವಾರ ಬೆಳಿಗ್ಗೆ ಹೊರಡುವುದು. ಪ್ರವೇಶಧನ, ಬೂಟು, ಕೈಗಡಿಯಾರಗಳಿಗೆ ಸಾವಿರಾರು ರೂಪಾಯಿ ಸುರಿದವರು ಒಂದು ರಾತ್ರಿಯ ಕೋಣೆಗೂ ಒಂದು ದಿನದ ರಜೆಗೂ ಜಿಪುಣತನ ತೋರುವುದೇಕೆ ಎಂಬುದು ಈ ಲೇಖಕನಿಗೆ ಇಂದಿಗೂ ಬಿಡಿಸಲಾಗದ ಒಗಟು. ಎರಡು, ಓಡದವನೊಬ್ಬನನ್ನು ಜೊತೆಗೆ ಕರೆದೊಯ್ಯುವುದು. ಕುರುಕ್ಷೇತ್ರದಲ್ಲಿ ಕಾದಿದವನು ಪಾರ್ಥ. ಆಯುಧ ಹಿಡಿಯೆನೆಂದು ಮಾತುಕೊಟ್ಟು ರಥ ನಡೆಸಿದವನು ಕೃಷ್ಣ. ಎರಡನ್ನೂ ಒಬ್ಬನೇ ಮಾಡುವ ವ್ಯವಸ್ಥೆ ಅಲ್ಲಿ ಇರಲಿಲ್ಲ. ಜ್ವರದಿಂದಲೋ ಮಂಡಿನೋವಿನಿಂದಲೋ ಓಟ ತಪ್ಪಿದ ಮಿತ್ರನಿಗೆ ಈ ಸಾರಥ್ಯ ಒಪ್ಪುತ್ತದೆ ಎಂದು ಮೊದಲೇ ಸೂಚಿಸಿದ್ದು ಇದನ್ನೇ. ಆದರೆ ಅವನ ಜ್ವರ ಬಿಟ್ಟಿರಬೇಕು, ಅವನು ಬೆಳಿಗ್ಗೆ ಏಳರವರೆಗೆ ಮಲಗಿರಬೇಕು. ಓಟಗಾರರನ್ನು ಹುರಿದುಂಬಿಸಲು ಎರಡಕ್ಕೇ ಎದ್ದ ಸಾರಥಿಯಿಂದ ಪ್ರಯೋಜನವಿಲ್ಲ. ಇಬ್ಬರೂ ದೊರೆಯದಿದ್ದರೆ ರೈಲಿದೆ, ಬಸ್ಸಿದೆ. ಹುಬ್ಬಳ್ಳಿ ಬೆಳಗಾವಿಗಳಿಂದ ಬರುವ ನೆಂಟರು ನಿದ್ರಿಸುತ್ತ ಬಂದು ನಿದ್ರಿಸುತ್ತ ಹೋಗುವ ಬಸ್ಸು ನಮಗೇಕೆ ಕೀಳೆನಿಸಬೇಕು?

ಕಾರಿನಲ್ಲಿ ಹಿಂದಿರುಗುವ ಓಟಗಾರರೂ ಗಂಟೆಗೊಮ್ಮೆ ಇಳಿಯಬೇಕು. ಬೆವರಿ ಗಟ್ಟಿಯಾದ ರಕ್ತ, ಜಜ್ಜಿದ ಸ್ನಾಯು, ಅಲುಗದ ಕಾಲು ಇವು ಮೂರೂ ಸೇರಿದಲ್ಲಿ ಆಳದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಎರಡೂ ಕಾಲು ಸಮನಾಗಿ ನೋಯುವುದು ಓಟದ ಫಲ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ದಿನದಿಂದ ದಿನಕ್ಕೆ ಬಿಗಿಯುತ್ತ ಹೋದರೆ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳದೆ ವೈದ್ಯರಿಗೆ ತೋರಿಸಬೇಕು.

ಸೋಮವಾರದ ನಂತರ

ಸೋಮವಾರಕ್ಕಿಂತ ಮಂಗಳವಾರ ನೋವು ಹೆಚ್ಚೆನಿಸುವುದು ಸಾಮಾನ್ಯ. ಸ್ನಾಯುತಂತುಗಳ ಸೂಕ್ಷ್ಮ ಹರಿತದ ನೋವು ಒಂದರಿಂದ ಮೂರು ದಿನಗಳಲ್ಲಿ ತುದಿಗೇರಿ ತಾನೇ ಇಳಿಯುತ್ತದೆ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಠಿಣವೆನಿಸುತ್ತದೆ. ಕಚೇರಿಯಲ್ಲಿ ಹಿಮ್ಮುಖವಾಗಿ ಮೆಟ್ಟಿಲಿಳಿಯುವವರನ್ನು ಕಂಡರೆ ಅವರು ಯಾವ ಊರಿನಿಂದ ಬಂದರೆಂದು ಕೇಳಬೇಕಾಗಿಲ್ಲ. ನಿಧಾನ ನಡಿಗೆ, ನಿದ್ರೆ, ಬೇಳೆಸಾರು ಮೊಸರುಗಳುಳ್ಳ ಊಟ ಇಷ್ಟೇ ಚಿಕಿತ್ಸೆ. ಎರಡು ವಾರಗಳವರೆಗೆ ಕಠಿಣ ಓಟ ಬೇಡ. ಮೂತ್ರ ಕಡು ಕಾಫಿಯ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಕೂಡದು. ಒಡೆದ ಸ್ನಾಯುವಿನ ವರ್ಣದ್ರವ್ಯ ಮೂತ್ರಪಿಂಡದಲ್ಲಿ ಸಿಕ್ಕಿಕೊಂಡು ಅದನ್ನು ಕೆಡಿಸಬಲ್ಲುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಸಣ್ಣ ಸೂಚನೆ. ಓಟದ ಬಳಿಕ ಒಂದು ವಾರದವರೆಗೆ ವಾರ್ಷಿಕ ಆರೋಗ್ಯ ತಪಾಸಣೆಗೆ ರಕ್ತ ಕೊಡಬೇಡಿ. ಸ್ನಾಯುಗಳಿಂದ ಹೊರಬಿದ್ದ ಕಿಣ್ವಗಳು ಆಗ ರಕ್ತದಲ್ಲಿ ಏರಿರುತ್ತವೆ. ಅವುಗಳಲ್ಲಿ ಕೆಲವು ಯಕೃತ್ತಿನ ರೋಗದಲ್ಲಿಯೂ ಏರುವಂಥವು, ಹೃದಯಾಘಾತದಲ್ಲಿ ಏರುವ ಟ್ರೊಪೋನಿನ್ ಕೂಡ ಓಟದ ಮರುದಿನ ತುಸು ಹೆಚ್ಚಿರಬಹುದು. ಯಾವುದಾದರೂ ಕಾರಣದಿಂದ ಪರೀಕ್ಷೆ ಅನಿವಾರ್ಯವಾದರೆ, ಭಾನುವಾರ ಎಷ್ಟು ಕಿಲೋಮೀಟರು ಓಡಿದಿರೆಂಬುದನ್ನು ಆ ವೈದ್ಯರಿಗೆ ಮೊದಲು ತಿಳಿಸಿರಿ.